ಪುಕ್ಕಟೆ ಸುಬಾಬುಲ್

ನಮ್ಮ ಮನೆಯ ಎಮ್ಮೆಗೆ ನನ್ನ ಮೇಲೆ ಗೌರವವಿಲ್ಲ. ಅದು ನೋಡುವುದು ನನ್ನ ಮುಖವನ್ನಲ್ಲ, ಕೈಯಲ್ಲಿರುವ ಪುಟ್ಟಿಯನ್ನು. ಪುಟ್ಟಿಯಲ್ಲಿ ಮೇವಿಲ್ಲದಿದ್ದರೆ ಜೀವಮಾನವಿಡೀ ಮಾಸ್ತರಿಕೆ ಮಾಡಿದವನು ಎಂಬ ಮುಲಾಜೂ ಇಲ್ಲ, ಮುಖ ಆ ಕಡೆ. ಈ ಅವಮಾನ ತಾಳಲಾರದೆ ಶಹಾಪುರದ ಹೊರಗಿರುವ ನಮ್ಮ ನಾಲ್ಕು ಗುಂಟೆಯಲ್ಲಿ ಆನೆಹುಲ್ಲು ಹಚ್ಚಿದೆ.

ಗೊಬ್ಬರ? ಬೇಸಿಗೆಯಲ್ಲಿ ಪಕ್ಕದ ಹೊಲದಲ್ಲಿ ಕುರಿಗಾರ ಕಾಕಾ ಹಿಂಡು ತರುಬಿದ್ದರು. ರಾತ್ರಿ ಕುರಿ ನಿಲ್ಲಿಸಿದ್ದಕ್ಕೆ ಹೊಲದವರು ಕಾಳನ್ನೋ ರೊಕ್ಕವನ್ನೋ ಕೊಡುವುದು ನಮ್ಮ ಕಡೆಯ ಹಳೆಯ ಲೆಕ್ಕ. ನಾನು ಅವರಿಂದ ಹತ್ತು ಚೀಲ ಹಿಕ್ಕೆ ಕೊಂಡೆ.

"ತಿಪ್ಪಿಗೆ ಹಾಕ್ರಿ ಮಾಸ್ತರ್ರ, ಕಳೀಲಿ" ಅಂದರು ಕಾಕಾ.

ನಾನು ಪಾಠ ಶುರು ಮಾಡಿದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಪಾಲು, ಅಂದರೆ ಟನ್ನಿಗೆ 5 ಕಿಲೋ. 45 ಕಿಲೋದ ಯೂರಿಯಾ ಚೀಲದಲ್ಲಿ 20 ಕಿಲೋ ದಾಟುತ್ತದೆ. ಒಂದು ಚೀಲಕ್ಕೆ 4 ಟನ್ ಸರಿಸಮ. ಕುರಿಹಿಕ್ಕೆ ಅದಕ್ಕಿಂತ ಸತ್ವಶಾಲಿ... ಕಾಕಾ ಬೀಡಿ ಹಚ್ಚಿ ಎದ್ದುಹೋದರು. ನನ್ನ ಪಾಠಕ್ಕೆ ಎದ್ದುಹೋದವರಲ್ಲಿ ಅವರೇನೂ ಮೊದಲಿಗರಲ್ಲ.

ತಿಪ್ಪೆ ಅಂದಾಗ ನೆನಪಾಯಿತು. ನನ್ನ ಹಾಜರಿ ಪುಸ್ತಕದಲ್ಲಿ ಒಬ್ಬನಾದರೂ ತಿಪ್ಪಣ್ಣ, ಒಬ್ಬಳಾದರೂ ತಿಪ್ಪವ್ವ ಇರದ ವರ್ಷವಿಲ್ಲ. ಕೂಸುಗಳು ಉಳಿಯದ ಮನೆಯಲ್ಲಿ ಮುಂದೆ ಹುಟ್ಟಿದ್ದನ್ನು ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಂಡು ಆ ಹೆಸರಿಡುತ್ತಿದ್ದರು, ಸಾವಿಗೂ ಬೇಡವಾಗಲಿ ಅಂತ. ಹೆಂಡಿಯೇ ದೀಪಾವಳಿಗೆ ಹಟ್ಟಿಲಕ್ಕವ್ವನಾಗಿ, ಹೂ ಮುಡಿದು, ಪೂಜೆಗೆ ಕೂಡುತ್ತದೆ. ಇಂಥ ಸೀಮೆಯಲ್ಲಿ ಹುಟ್ಟಿಯೂ ನಾನು ಹೆಂಡಿಗೆ ನಾಲ್ಕು ತಿಂಗಳು ಪುರಸೊತ್ತು ಕೊಡಲಿಲ್ಲ. ಹಿಕ್ಕೆಯ ಜೊತೆ ಎಮ್ಮೆಯ ಹಸಿ ಹೆಂಡಿಯನ್ನೂ ಹರವಿಬಿಟ್ಟೆ.

ಮುಂಗಾರು ಬಿತ್ತು. ಹುಲ್ಲು ಹಳದಿಯಾಯಿತು. ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಓದುವ ಓಣಿಯ ಹುಡುಗನೊಬ್ಬ ನೋಡಿ, "ಕಳೀದೇ ಇದ್ದ ಗೊಬ್ಬರ ಕಳಿಸ್ಲಿಕ್ಕೆ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕಾನೇ ಕಡ ತಗೋತಾವ್ರಿ ಸರ್" ಅಂದ. ಕೊಡಲು ಹಾಕಿದ್ದೇ ಕಡ ಕೇಳುವುದು ನನಗೆ ಹೊಸದಲ್ಲ, ನೆಂಟರಿದ್ದಾರೆ.

ಆದರೆ ಸಾಲುಗಳ ನಡುವೆ ನೂರಾರು ಎಳೆ ಸಸಿಗಳು ಎದ್ದಿದ್ದವು. ಹುಣಸೆಯಂಥ ಸಣ್ಣ ಸಣ್ಣ ಎಲೆ, ಎದುರುಬದುರು ಜೋಡಣೆ.

"ಸುಬಾಬುಲ್! ದ್ವಿದಳ ಮೇವು, ಪುಕ್ಕಟೆ" ಎಂದು ಹೆಂಡತಿಯನ್ನು ಕರೆದೆ.

"ಯಾರು ಬಿತ್ತ್ಯಾರ?"

"ನಿಸರ್ಗ."

ಇಪ್ಪತ್ತು ದಿನ ಆ ನಿಸರ್ಗಕ್ಕೆ ಬೋರಿನ ನೀರು ಹಾಯಿಸಿದೆ. ಒಂದು ಮುಂಜಾನೆ ಪ್ರೀತಿಯಿಂದ ಸಸಿಯೊಂದನ್ನು ಸವರಿದರೆ ಮುಳ್ಳು ಹೆಬ್ಬೆರಳಿಗೆ ಇಳಿಯಿತು. ಬಳ್ಳಾರಿ ಜಾಲಿ! ಬೇಸಿಗೆಯಲ್ಲಿ ಹಸಿರೆಂಬುದು ಅದೊಂದೇ ಇರುವಾಗ ಕುರಿಗಳು ಅದರ ಸಿಹಿ ಕಾಯಿ ಮೇಯುತ್ತವೆ. ಗಟ್ಟಿ ಬೀಜ ಹೊಟ್ಟೆಯಲ್ಲಿ ನೆನೆದು, ಸಿಪ್ಪೆ ಮೆದುವಾಗಿ, ಮೊಳೆಯಲು ಸಿದ್ಧವಾಗಿಯೇ ಹೊರಬೀಳುತ್ತದೆ. ತಿಪ್ಪೆಯ ಕಾವಿನಲ್ಲಿ ಕೂತಿದ್ದರೆ ಬಹಳಷ್ಟು ಬೆಂದುಹೋಗುತ್ತಿದ್ದವು. ದ್ವಿದಳ ಅಂದದ್ದಂತೂ ಸುಳ್ಳಲ್ಲ, ಜಾಲಿಯೂ ಅದೇ ಕುಲದ್ದು. ಹೆಂಡತಿಯ ಮುಂದೆ ಈ ಅಂಶ ಎತ್ತಲಿಲ್ಲ.

ಅಂಗೈಗೆ ಹಳೆ ಧೋತರ ಸುತ್ತಿಕೊಂಡು ಕೀಳುತ್ತಾ ಕೂತಿದ್ದಾಗ ಕಾಕಾ ಹಾದುಹೋದರು. ಬದುವಿನ ಮೇಲೆ ನಿಂತು ನೋಡಿದರು.

"ಭಾಳ ಚಲೋ ಬೆಳಿ ಬಂದದ ಮಾಸ್ತರ್ರ. ಕಾಯಿ ಬಿಟ್ಟ ಮ್ಯಾಲ ಹೇಳ್ರಿ, ಕುರಿ ಹೊಡ್ಕೊಂಡು ಬರ್ತೀನಿ."

ಮನೆಯೊಳಗಿಂದ ಚಹಾ ಬಂತು. ಕಾಕಾಗೆ ತುಂಬಿದ ಕಪ್ಪು, ನನಗೆ ಬಸಿಯಲ್ಲಿ ಉಳಿದದ್ದು.