ಮಿಲ್ಟ್ರಿ ಮಾವನ ಚಿಂದಿ

ಭಾನುವಾರ ಬೆಳಿಗ್ಗೆ ದಾವಣಗೆರೆಯ ವಿದ್ಯಾನಗರದಲ್ಲಿ ಬೆಣ್ಣೆದೋಸೆಗೆ ಹೊರಟವರು ಒಂದು ಮನೆಯ ಮುಂದೆ ಮಾತ್ರ ಸ್ಕೂಟರಿನ ವೇಗ ತಗ್ಗಿಸುತ್ತಾರೆ. ಜಗಲಿಯ ಮೇಲೆ ಹಳೇ ಕಂಬಳಿ ಹಾಸಿದೆ. ಅದರ ಮೇಲೆ ಒಂದು ಡಬಲ್ ಬ್ಯಾರಲ್ ಬಂದೂಕು ಮೂರು ಭಾಗವಾಗಿ ಮಲಗಿದೆ: ಜೋಡಿ ನಳಿಗೆ ಒಂದು ಕಡೆ, ಬಟ್ಟು ಇನ್ನೊಂದು ಕಡೆ, ನಳಿಗೆಯ ಕೆಳಗೆ ಕೂರುವ ಮರದ ತುಂಡು ಮಗದೊಂದು ಕಡೆ. ಮಧ್ಯದಲ್ಲಿ ಮಿಲ್ಟ್ರಿ ಮಾವ. ಮೀಸೆ ನೆಟ್ಟಗೆ, ಬನಿಯನ್ನು ಬೆಳ್ಳಗೆ.

ಮಿಲ್ಟ್ರಿ ಮಾವಂದಿರು ಒಬ್ಬರಲ್ಲ. ಕೆಟಿಜೆ ನಗರಕ್ಕೊಬ್ಬರು, ನಿಜಲಿಂಗಪ್ಪ ಬಡಾವಣೆಗೊಬ್ಬರು, ಹರಿಹರದಲ್ಲೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಹದಿನೇಳೋ ಇಪ್ಪತ್ತೋ ವರ್ಷ ಸೇನೆಯಲ್ಲಿದ್ದು, ಪಿಂಚಣಿ, ಕ್ಯಾಂಟೀನ್ ಕಾರ್ಡು, ಬೆಳಗಿನ ಐದು ಗಂಟೆಯ ಎಚ್ಚರ ಇಷ್ಟನ್ನು ಗಳಿಸಿಕೊಂಡು ಊರಿಗೆ ಬಂದವರು. ಆಮೇಲೆ ಬ್ಯಾಂಕಿನ ಬಾಗಿಲಲ್ಲಿ ಗನ್‌ಮ್ಯಾನ್ ಆದವರು. ಸ್ವಂತ ಬಂದೂಕು, ಸ್ವಂತ ಲೈಸೆನ್ಸು ಇದ್ದ ಮಾಜಿ ಸೈನಿಕನಿಗೆ ಆ ಕೆಲಸ ಬೇಗ ಸಿಗುತ್ತದೆ. ಹಾಗಾಗಿ ಪಿಂಚಣಿಯ ಮೊದಲ ದೊಡ್ಡ ಖರ್ಚು ಟಿ.ವಿ. ಅಲ್ಲ, ಬಂದೂಕು.

ಆದರೆ ವಿದ್ಯಾನಗರದ ಮಾವ ಕೊಳ್ಳಬೇಕೆಂದಿದ್ದು ಈ ಡಬಲ್ ಬ್ಯಾರಲ್ಲನ್ನಲ್ಲ. ಕಾಲೇಜಿನ ಎನ್‌ಸಿಸಿ ದಿನಗಳಲ್ಲಿ ಹೆಗಲಿಗೇರಿದ ತ್ರೀ ನಾಟ್ ತ್ರೀ (.303) ರೈಫಲ್ ಅವರ ಮನಸ್ಸಿನಿಂದ ಇಳಿದೇ ಇಲ್ಲ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದಲ್ಲಿ ತರಬೇತಿಗೆ ಹೋದಾಗ ಸೇನೆ ಅವರ ಕೈಗೆ 7.62ರ ಎಸ್‌ಎಲ್‌ಆರ್ ಕೊಟ್ಟಿತು. ಅದನ್ನು ಅವರು ಕಟ್ಟಿಕೊಂಡ ಹೆಂಡತಿಯಂತೆ ಗೌರವದಿಂದ ನಡೆಸಿಕೊಂಡರು. (ಈ ಹೋಲಿಕೆ ಅವರದೇ. ಒಳಗಿಂದ ಪಾತ್ರೆ ಕುಕ್ಕಿದ ಸದ್ದು ಬಂದಮೇಲೆ ಮತ್ತೆ ಹೇಳಿಲ್ಲ.) ಸೇನೆ, ಪೊಲೀಸರು ಬಳಸಿ ಬಿಟ್ಟ ಹಳೇ ತ್ರೀ ನಾಟ್ ತ್ರೀ ಒಂದಾದರೂ ಸಿಕ್ಕೀತೆಂದು ನಿವೃತ್ತಿಯಾದ ವರ್ಷವೇ ವಿಚಾರಿಸಿದ್ದರು.

ಸಿಗುವುದಿಲ್ಲ. ನಮ್ಮ ಕಾನೂನಿನಲ್ಲಿ .303 ಮತ್ತು 7.62 ಬೋರ್‌ನ ರೈಫಲ್‌ಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಸರ್ಕಾರಿ ತೋಟಾ ಹೊರಗೆ ಹೋಗಿ ಇನ್ನೊಬ್ಬರ ನಳಿಗೆಯಲ್ಲಿ ಕೂರಬಾರದು ಎಂಬುದು ಲೆಕ್ಕ. ಅದಕ್ಕೇ ಸರ್ಕಾರಿ ಕಾರ್ಖಾನೆಗಳು ಹೆಚ್ಚುಕಡಿಮೆ ಅದೇ ಮೈಕಟ್ಟಿನ ರೈಫಲ್ಲಿಗೆ .315 ಬೋರ್ ಕೊಟ್ಟು ಜನರಿಗೆ ಮಾರಿದವು. ಅಂಗಡಿಯವರು ಅದನ್ನು ತೋರಿಸಿದಾಗ ಮಾವ ಒಮ್ಮೆ ಬೋಲ್ಟ್ ಎಳೆದು ನೋಡಿ, “ಮುಖ ಅಕ್ಕಂದು, ದನಿ ತಂಗೀದು,” ಎಂದು ವಾಪಸಿಟ್ಟರಂತೆ. ಬ್ಯಾಂಕಿಗೆ ಬೇಕಿದ್ದದ್ದು ಹನ್ನೆರಡು ಬೋರ್ ಬಂದೂಕು. ಅದನ್ನೇ ತಂದರು.

ಲೈಸೆನ್ಸಿನ ಕಥೆ ಕೇಳಿದವರಿಗೆ ಮಾವನ ಮನೆಯಲ್ಲಿ ಎರಡು ಲೋಟ ಚಹಾ ಖಚಿತ. ಜಿಲ್ಲಾಧಿಕಾರಿಗೆ ಅರ್ಜಿ, ಪೊಲೀಸ್ ವಿಚಾರಣೆ, ಅಕ್ಕಪಕ್ಕದವರ ಹೇಳಿಕೆ. ಪಕ್ಕದ ಮನೆಯವರೊಂದಿಗೆ ಆಗ ತೆಂಗಿನ ಗರಿ ಬೀಳುವ ವಿಷಯಕ್ಕೆ ಮಾತು ಬಿಟ್ಟುಹೋಗಿತ್ತು. ಪೊಲೀಸರು ಬರುವ ಹೊತ್ತಿಗೆ ಮಾವ ತಾವೇ ಏಣಿ ಹತ್ತಿ ಗರಿ ಕಡಿದು, ನಾಲ್ಕು ಎಳನೀರನ್ನೂ ಕಳಿಸಿದ್ದರು. 2019ರ ತಿದ್ದುಪಡಿಯಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಮಾವನ ಬಳಿ ಇರುವುದೇ ಒಂದು. ಆದರೂ ತಮ್ಮಿಂದ ಏನೋ ಕಿತ್ತುಕೊಂಡರೆಂಬಂತೆ ವಾರವಿಡೀ ಬೇಸರದಲ್ಲಿದ್ದರು.

ಇಷ್ಟೆಲ್ಲ ಮಾಡಿ ತಂದ ಬಂದೂಕು ಬ್ಯಾಂಕಿನ ಬಾಗಿಲಲ್ಲಿ ಎಷ್ಟು ಸಲ ಸಿಡಿದಿದೆ? ಒಮ್ಮೆಯೂ ಇಲ್ಲ. ಎಷ್ಟು ಸಲ ತೊಳೆಸಿಕೊಂಡಿದೆ? ವಾರಕ್ಕೊಂದರಂತೆ ಲೆಕ್ಕ ಹಾಕಿಕೊಳ್ಳಿ.

ತೊಳೆಯುವುದೆಂದರೆ ಮೂರು ತುಂಡಿನ ಸರಳು, ಹಿತ್ತಾಳೆ ತಂತಿಯ ಬ್ರಶ್ಶು, ಎಣ್ಣೆ ಸೀಸೆ ಮತ್ತು ಚಿಂದಿ. ಈ ಚಿಂದಿ ಹರಿದ ಬಟ್ಟೆಯಲ್ಲ. ನಾಲ್ಕು ಇಂಚು ಉದ್ದ, ಎರಡು ಇಂಚು ಅಗಲದ ಫ್ಲಾನೆಲ್ ತುಂಡಿಗೆ ಸೇನೆಯವರು ಹೇಳುವ ಹೆಸರು. ಮಾವ ಅದನ್ನು ಅಳತೆಪಟ್ಟಿ ಇಟ್ಟು ಕತ್ತರಿಸುತ್ತಾರೆ. ಮೊಮ್ಮಗಳ ಫ್ಲಾನೆಲ್ ಲಂಗವೊಂದು ಹೀಗೆಯೇ ದೇಶಸೇವೆಗೆ ಸೇರಿತು. ಮೊದಲ ಚಿಂದಿ ಕಪ್ಪಗೆ ಬರಬೇಕು, ಕೊನೆಯದು ಬೆಳ್ಳಗೆ. ಹಾರಿಸದ ಬಂದೂಕಿನಲ್ಲಿ ಮೊದಲನೆಯದೇ ಬೆಳ್ಳಗೆ ಬರುವುದು ಮಾವನಿಗಿರುವ ಒಂದೇ ಕೊರಗು.

ಬೆವರಿನ ಉಪ್ಪು ಉಕ್ಕಿಗೆ ವೈರಿ. ಆದ್ದರಿಂದ ಮಂಡಕ್ಕಿ ಮಿರ್ಚಿ ತಿಂದು ಬಂದವರಿಗೆ ಆ ಜಗಲಿ ನಿಷಿದ್ಧ. ದಾವಣಗೆರೆಯಲ್ಲಿ ಈ ನಿಯಮ ಇಟ್ಟರೆ ಬಂದೂಕು ಮುಟ್ಟಲು ಅರ್ಹರು ಉಳಿಯುವುದಿಲ್ಲ. ಮಾವನ ಉದ್ದೇಶವೂ ಅದೇ ಇರಬೇಕು.

ಹರಿಹರದ ಬೀಗರೊಬ್ಬರಿಗೆ ಮಾತ್ರ ರಿಯಾಯಿತಿ. ಅವರು ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. 1941ರಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಕೊಟ್ಟ ಆ ಕಾರ್ಖಾನೆ ಮುಚ್ಚಿದರೂ ಬೀಗರ ಬೆರಳು ಇನ್ನೂ ಡ್ಯೂಟಿಯಲ್ಲಿದೆ. ನಳಿಗೆಯನ್ನು ಸೂರ್ಯನ ಕಡೆ ಹಿಡಿದು, “ಒಳಗ ಗೀರೇ ಇಲ್ಲಲ್ರಿ, ಬರೇ ಪೈಪು,” ಎಂದುಬಿಟ್ಟರು. ಹೌದು, ಹನ್ನೆರಡು ಬೋರ್ ಒಳಗೆ ನುಣುಪು. ನಳಿಗೆಯ ಅಳತೆಯ ಹನ್ನೆರಡು ಸೀಸದ ಗುಂಡು ಸೇರಿದರೆ ಒಂದು ಪೌಂಡು, ಹೆಸರು ಬಂದದ್ದು ಹಾಗೆ. ಮಾವ ಬಿಡಲಿಲ್ಲ. ತ್ರೀ ನಾಟ್ ತ್ರೀಯೊಳಗೆ ಐದು ಗೀರು, ಹತ್ತು ಇಂಚಿಗೆ ಒಂದು ಸುತ್ತು, ಅದೂ ಎಡಕ್ಕೆ ಎಂದರು. “ಲೆಫ್ಟ್ ಥ್ರೆಡ್ಡಾ?” ಎಂದ ಬೀಗರ ಕಣ್ಣಲ್ಲಿ ಆ ರೈಫಲ್ಲಿನ ಬಗ್ಗೆ ಮೊದಲ ಬಾರಿಗೆ ಭಕ್ತಿ ಕಂಡಿತು.

2024ರ ಮಾರ್ಚಿನಲ್ಲಿ ಲೋಕಸಭೆ ಚುನಾವಣೆ ಘೋಷಣೆಯಾಯಿತು. ಲೈಸೆನ್ಸಿನ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕು. ಬ್ಯಾಂಕಿನ ಕಾವಲಿನವರು ವಿನಾಯಿತಿ ಕೇಳಬಹುದು, ಆದರೆ ಮಾವ ಅಷ್ಟರಲ್ಲಿ ಬ್ಯಾಂಕನ್ನೂ ಬಿಟ್ಟಾಗಿತ್ತು. ಒಪ್ಪಿಸಿದರು. ರಸೀದಿ ಬಂತು. ಭಾನುವಾರವೂ ಬಂತು. ಜಗಲಿಯಲ್ಲಿ ಬರೀ ಕಂಬಳಿ. ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡಲು ಹೋದಂತೆ ಮಾವ ಎಣ್ಣೆ ಸೀಸೆ ಜೇಬಿನಲ್ಲಿಟ್ಟುಕೊಂಡು ಠಾಣೆಗೆ ಹೋದರು. “ಆರಾಮೈತಿ ಅಜ್ಜಾ, ಮಲಗೇತಿ,” ಎಂದು ಪೇದೆ ಬಾಗಿಲಲ್ಲೇ ಹೇಳಿ ಕಳಿಸಿದ. ದಾವಣಗೆರೆಯಲ್ಲಿ ಮೇ 7ಕ್ಕೆ ಮತದಾನ, ಎಣಿಕೆ ಜೂನ್ 4ಕ್ಕೆ. ಅಷ್ಟು ಭಾನುವಾರಗಳನ್ನು ಮಾವ ಹೇಗೆ ಕಳೆಯಬೇಕು?

ಟೆಕ್ಸಾಸಿನ ಡಲ್ಲಾಸಿನಲ್ಲಿರುವ ಮಗ ಕಾಪಾಡಿದ. ಆ ದೇಶದಲ್ಲಿ ಸಾಮಾನ್ಯ ವೀಸಾದವರಿಗೆ ಬಂದೂಕು ಕೊಳ್ಳಲು ಅಡ್ಡಿಯಿದೆ. ಗ್ರೀನ್ ಕಾರ್ಡ್ ಬಂದದ್ದೇ ತಡ, ಇವನು ಅಂಗಡಿಗೆ ಹೋಗಿ ಒಂದು ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ, ಹಳೇ ರೈಫಲ್ ಒಂದನ್ನು ಹೆಗಲಿಗೇರಿಸಿಕೊಂಡು ಬಂದ. ಪಕ್ಕದ ಮನೆಗೆ ಎಳನೀರು ಕಳಿಸುವ ಪ್ರಮೇಯವೇ ಬರಲಿಲ್ಲ. ವಿಡಿಯೊ ಕಾಲಿನಲ್ಲಿ ತೋರಿಸಿದಾಗ ಮಾವ ಕನ್ನಡಕ ಒರೆಸಿಕೊಂಡು ನೋಡಿದರು. ಬಟ್ಟಿನ ಕೊರಳಲ್ಲಿ ಅಶೋಕ ಲಾಂಛನ, ಕೆಳಗೆ ಆರ್‌ಎಫ್‌ಐ. ಬಂಗಾಳದ ಇಶಾಪುರದ ರೈಫಲ್ ಫ್ಯಾಕ್ಟರಿಯದು! ಇಲ್ಲಿ ಹಳತಾದ ತ್ರೀ ನಾಟ್ ತ್ರೀಗಳು ಹಿಂದೆ ಅಮೆರಿಕದ ಹಳೇ ಸೇನಾ ಸಾಮಾನಿನ ಪೇಟೆಗೆ ಹೋಗಿದ್ದವು.

“ನಮ್ಮ ಎಮ್ಮಿ ಹಾಲು ನಮಗಿಲ್ಲ, ಡಲ್ಲಾಸಿನೋರು ಕಾಫಿ ಕುಡಿಯಾಕತ್ಯಾರ,” ಎಂದು ಮಾವ ನಿಟ್ಟುಸಿರಿಟ್ಟರು. ಅತ್ತೆ ಅಡುಗೆಮನೆಯಿಂದಲೇ, “ಕುಡಿಯಾಕತ್ತಿರೋನು ನಿಮ್ಮ ಮಗನಾ ಅಲ್ಲೇನ್ರಿ!” ಎಂದರು.

ಅಂದಿನಿಂದ ಮಾವನ ಭಾನುವಾರ ಸಂಜೆ ಮಗನ ಭಾನುವಾರ ಬೆಳಿಗ್ಗೆಗೆ ಹೊಂದಿಕೊಂಡಿತು. ರೈಫಲ್ಲಿನ ಮೈತುಂಬ ಗಟ್ಟಿಯಾದ ಗ್ರೀಸು, ಮರದೊಳಗೂ ಇಳಿದಿತ್ತು. ಮಗ ಯಾವುದೋ ರಾಸಾಯನಿಕ ತರಿಸಲು ಹೊರಟಿದ್ದ. “ಏ ಬ್ಯಾಡಪಾ, ಸಂಡಿಗಿ ಒಣಗಿಸ್ದಂಗ ಬಿಸಲಿಗಿಡು,” ಎಂದರು ಮಾವ. ಟೆಕ್ಸಾಸಿನ ಬಿಸಿಲಲ್ಲಿ ಮರ ಬೆವರಿತು, ಮಗ ಒರೆಸಿದ, ಮತ್ತೆ ಬೆವರಿತು. ನಳಿಗೆಗೆ ಸೀಮೆಎಣ್ಣೆ ಹಚ್ಚಿ ಚಿಂದಿ ಎಳೆದಾಗ ತುಂಡು ಇದ್ದಿಲಿನಂತೆ ಬಂತು. ಮಾವ ಫೋನನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ಬೋಲ್ಟಿನ ನಂಬರೂ ಮೈಮೇಲಿನ ನಂಬರೂ ತಾಳೆಯಾಗುವವರೆಗೆ, ಅಲ್ಲಿನ ಬಂದೂಕು ಮಿಸ್ತ್ರಿಯೊಬ್ಬ ತೋಟಾ ಕೂರುವ ಜಾಗವನ್ನು ಅಳೆಯುವವರೆಗೆ ಹಾರಿಸಕೂಡದೆಂದು ಆಣೆ ಹಾಕಿಸಿಕೊಂಡರು. ಮಗ ಅಗ್ಗಕ್ಕೆ ಸಿಕ್ಕಿತೆಂದು ಹಳೇ ಸೇನಾ ತೋಟಾ ತಂದಿದ್ದಾನೆಂದು ತಿಳಿದಾಗಲಂತೂ ಪಾಠ ಮುಕ್ಕಾಲು ಗಂಟೆ ಬೆಳೆಯಿತು. ಅವುಗಳ ಕೇಪಿನ ಮದ್ದು ಸುಟ್ಟ ಮೇಲೆ ನಳಿಗೆಯಲ್ಲಿ ಉಪ್ಪು ಬಿಡುತ್ತದೆ. ಉಪ್ಪು ಗಾಳಿಯ ತೇವ ಎಳೆದುಕೊಂಡು ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಬ್ರಿಟಿಷರ ಕಾಲದ ಸಿಪಾಯಿಗಳು ನಳಿಗೆಗೆ ಆಲಿಕೆ ಇಟ್ಟು ಕುದಿಯುವ ನೀರು ಹೊಯ್ಯುತ್ತಿದ್ದದ್ದು ಅದಕ್ಕೇ.

ಜೂನಿನಲ್ಲಿ ಬಂದೂಕು ಠಾಣೆಯಿಂದ ಮನೆಗೆ ಬಂತು. ಅಂದಿನ ಮೊದಲ ಚಿಂದಿಗೆ ಒಂದಿಷ್ಟು ಧೂಳು ಹತ್ತಿತ್ತು. ಮಾವ ಅದನ್ನು ಬೀಗರಿಗೆ ತೋರಿಸಲೆಂದು ತೆಗೆದಿಟ್ಟರು.

ಅದೇ ವಾರ ಮಗ ರೇಂಜಿನಿಂದ ಕಾಲ್ ಮಾಡಿದ. ಹತ್ತು ಗುಂಡಿನ ಮ್ಯಾಗಜಿನ್ ತುಂಬಿ ಹತ್ತನ್ನೂ ಹಾರಿಸಿದ. ವಿದ್ಯಾನಗರದ ಜಗಲಿಯಲ್ಲಿ ಫೋನು ಹತ್ತು ಸಲ ಒಡೆದ ದನಿಯಲ್ಲಿ ಕೆಮ್ಮಿತು. ಬೀದಿನಾಯಿ ಎದ್ದು ಹೋಯಿತು. ಎಂಟು ಗುಂಡು ಗುರಿಯೊಳಗೆ ಎಂದು ಮಗ ಬೀಗಿದ. ಮಾವನ ಕಣ್ಣು ಗುರಿಯ ಮೇಲಿರಲಿಲ್ಲ.

“ಅಪ್ಪಾಜಿ, ನೋಡಿದ್ರಾ?”

“ನೋಡಿದೆ. ನೀರು ಕಾಯಾಕ ಇಟ್ಟಿಯೇನು?”