ಓಟ ನೆಪ, ಬಿಯರ್ ಜಪ

ನಮ್ಮೂರು ಕುದೇರಿನಲ್ಲಿ ಯಾರಾದರೂ ಓಡಿದರೆ ಅದಕ್ಕೊಂದು ಕಾರಣ ಇರುತ್ತದೆ. ಹಸು ಹಗ್ಗ ಕಿತ್ತಿರುತ್ತದೆ, ಇಲ್ಲವೇ ಸಂತೇಮರಹಳ್ಳಿ ಬಸ್ಸು ಹೊರಟುಬಿಟ್ಟಿರುತ್ತದೆ. ಬೆಂಗಳೂರಿನವರಿಗೆ ಹಸುವೂ ಇಲ್ಲ, ಬಸ್ಸೂ ಬೇಡ. ಹಾಗಾಗಿ ಓಡಲಿಕ್ಕೂ ಗುಂಪು ಬೇಕು.

ಅಂಥದೊಂದು ಗುಂಪು ಹ್ಯಾಶ್ ಹೌಸ್ ಹ್ಯಾರಿಯರ್ಸ್. 1938ರಲ್ಲಿ ಕ್ವಾಲಾಲಂಪುರದಲ್ಲಿ ಆಲ್ಬರ್ಟ್ ಗಿಸ್ಪರ್ಟ್ ಎಂಬ ಲೆಕ್ಕಪರಿಶೋಧಕ, ಬ್ರಿಟಿಷ್ ಗೆಳೆಯರ ಜೊತೆ ಶುರುಮಾಡಿದ್ದು. ವಾರಾಂತ್ಯದ ಅಮಲು ಇಳಿಸಲು ಸೋಮವಾರ ಸಂಜೆ ಓಡುವುದು. ಇಳಿದ ಮೇಲೆ ಮತ್ತೆ ಏರಿಸುವುದು. 1950ರಲ್ಲಿ ಸಂಘ ನೋಂದಾಯಿಸಿದಾಗ ಚೆನ್ನಾಗಿ ಬಾಯಾರಿಸಿಕೊಂಡು ಬಿಯರಿನಿಂದ ತಣಿಸುವುದನ್ನೂ ಉದ್ದೇಶಗಳಲ್ಲಿ ಬರೆದುಕೊಟ್ಟರು. ಆ ಬಿಳಿಯರಿಗೆ ಅಷ್ಟಾದರೂ ಪ್ರಾಮಾಣಿಕತೆ ಇತ್ತು. ನಮ್ಮವರು ಇದನ್ನು ಫಿಟ್‌ನೆಸ್ ಅನ್ನುತ್ತಾರೆ.

ಮೊದಲ ಸಲ ಸೇರುವವರೇ, ಶಾಸ್ತ್ರ ತಿಳಿದುಕೊಳ್ಳಿ. ಒಬ್ಬ ಮುಂದೆ ಓಡಿ ಹಿಟ್ಟು ಚೆಲ್ಲಿ ಗುರುತು ಹಾಕುತ್ತಾನೆ. ಅವನು ಮೊಲ. ಮಿಕ್ಕವರು ಬೇಟೆನಾಯಿಗಳು. ದಾರಿ ತಪ್ಪಿಸಲೆಂದೇ ಸುಳ್ಳು ಗುರುತೂ ಇರುತ್ತದೆ. ಸರಿದಾರಿ ಸಿಕ್ಕಿದವರು 'ಆನ್ ಆನ್' ಎಂದು ಅರಚಬೇಕು. ಆಫೀಸಿನಲ್ಲಿ ಯಾರಾದರೂ ನಾಯಿ ಅಂದರೆ ಮಾನನಷ್ಟ ಮೊಕದ್ದಮೆ. ಇಲ್ಲಿ ಅದೇ ಸದಸ್ಯತ್ವ.

ಮನೆಯಲ್ಲಿ ಅನ್ನದ ಅಗುಳು ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಜನ. ಇಲ್ಲಿ ಹಿಟ್ಟು ತುಳಿದುಕೊಂಡೇ ಓಡುತ್ತಾರೆ.

ಕೊನೆಗೆ ಸುತ್ತ ನಿಂತು ಹೊಸಬನನ್ನು ನಡುವೆ ಕರೆಯುತ್ತಾರೆ. ಹಾಡು ಮುಗಿಯುವಷ್ಟರಲ್ಲಿ ಗ್ಲಾಸು ಖಾಲಿಯಾಗಬೇಕು. ಉಳಿದರೆ ಅವನ ತಲೆಗೇ ಅಭಿಷೇಕ. ಹಲವು ಕಡೆ ಹೊಸ ಶೂ ಹಾಕಿ ಬಂದವನು ಆ ಶೂನಲ್ಲೇ ಕುಡಿಯಬೇಕು. ಬೆವರು, ಚರ್ಮ, ಬಿಯರು. ಮನೆಯಲ್ಲಿ ಬೇರೆಯವರ ಲೋಟ ಮುಟ್ಟದ ಮಹನೀಯರು ಚಪ್ಪಾಳೆ ತಟ್ಟುತ್ತಾರೆ.

ಓಡುವ ಜಾಗಕ್ಕೆ ಬರುವುದು ಮಾತ್ರ ಕಾರಿನಲ್ಲಿ.

ಶಿವರಾತ್ರಿಗೆ ನಮ್ಮ ಕಡೆಯವರು ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆಯುತ್ತಾರೆ. ಅವರಿಗೆ ಟೀ ಶರ್ಟ್ ಇಲ್ಲ, ಮೆಡಲ್ ಇಲ್ಲ. ಇದೇ ಕಾರುಗಳ ಹಾರ್ನ್ ಇದೆ. ಬೆಳಗಾಗುವ ಮೊದಲೇ ಕ್ಯಾನು ಹಿಡಿದು ಡೇರಿಗೆ ಓಡುವ ಹೆಂಗಸಿಗೆ ಯಾವ ಕ್ಲಬ್ಬೂ ಇಲ್ಲ.

ಅರಿಸಿನದ ಹೊಲದಲ್ಲಿ ಸಂಜೆಯವರೆಗೆ ಬಗ್ಗಿದ ಕೂಲಿಯವನು ಒಂದು ಪ್ಯಾಕೆಟ್ ಹರಿದರೆ ಅವನು ಕುಡುಕ. ಅವನ ಮನೆ ಹಾಳು, ಊರು ಹಾಳು, ದೇಶ ಹಾಳು. ಎರಡು ತಾಸು ಓಡಿ ಶೂನಲ್ಲಿ ಕುಡಿದವನು ಆರೋಗ್ಯಪ್ರೇಮಿ. ಅವನ ಫೋಟೊಗೆ ಮುನ್ನೂರು ಲೈಕು.

ಓಡಿ, ಬೇಡ ಅಂದವರು ಯಾರು? ಕುಡಿಯಿರಿ, ನಿಮ್ಮ ದುಡ್ಡು, ನಿಮ್ಮ ಶೂ. ಆದರೆ ಮಾರನೆಯ ದಿನ ನಮ್ಮೂರಿಗೆ ಬಂದು ಕೂಲಿಯವನಿಗೆ ಕುಡಿತದ ಕೆಡುಕು ಬೋಧಿಸಬೇಡಿ.