ಕೋವಿಗೊಂದು ನ್ಯಾಯ, ಉಳಿಗೊಂದು ನ್ಯಾಯ

ಕೊಡಗಿನಲ್ಲಿ ಮುಂಗಾರೂ ವರ್ಗಾವಣೆಯ ಆದೇಶವೂ ಜೋಡಿಯಾಗಿ ಬರುತ್ತವೆ. ಮಾರ್ಚಿನಲ್ಲಿ ಕಾಫಿ ಹೂ ಬಿಟ್ಟು ಊರೆಲ್ಲ ಘಮ್ಮೆನ್ನುವಾಗ, ರಸ್ತೆ ಒಣಗಿರುವಾಗ, ಲಾರಿಯವನು ಚೌಕಾಸಿಗೆ ಬಗ್ಗುವಾಗ ಯಾರನ್ನೂ ಎತ್ತಂಗಡಿ ಮಾಡುವುದಿಲ್ಲ. ಜೂನ್ ಹಿಡಿದು, ಬೀರುವಿನೊಳಗಿನ ಬೆಲ್ಟಿಗೆ ಬೂಷ್ಟು ಬಂದು, ಉಪ್ಪಿನ ಭರಣಿಯಲ್ಲಿ ಉಪ್ಪನ್ನು ಹುಡುಕಬೇಕಾದ ಕಾಲಕ್ಕೆ ಸರಿಯಾಗಿ ಆದೇಶ ಕೈ ಸೇರುತ್ತದೆ. ಹಿಂದೆಯೇ ಆಷಾಢ, ಆಷಾಢದಲ್ಲಿ ಮನೆ ಬದಲಿಸಬಾರದು ಎನ್ನುತ್ತಾರೆ ನಮ್ಮತ್ತೆ. ಅದು ಮುಗಿಯುವ ಮೊದಲೇ ಕೊಡವರ ಕಕ್ಕಡ, ಅದರಲ್ಲೂ ಶುಭಕಾರ್ಯವಿಲ್ಲ. ಕಾಯೋಣವೆಂದರೆ ಶಾಲೆ ಆಗಲೇ ತೆರೆದಿರುತ್ತದೆ. ಹೀಗಾಗಿ ನಮ್ಮಂಥ ಮೇಷ್ಟ್ರುಗಳು ಶಾಸ್ತ್ರವನ್ನೂ ಮಳೆಯನ್ನೂ ಒಟ್ಟಿಗೇ ಧಿಕ್ಕರಿಸಿ, ಟಾರ್ಪಾಲಿನ ಕೆಳಗೆ ಸಂಸಾರ ಸಾಗಿಸುತ್ತೇವೆ.

ಈ ಸಲ ನಮಗೆ ಮಡಿಕೇರಿಯಿಂದ ಕುಶಾಲನಗರಕ್ಕೆ. ಬೋಯಿಕೇರಿ, ಕೆದಕಲ್, ಸುಂಟಿಕೊಪ್ಪ, ಗುಡ್ಡೆಹೊಸೂರು ದಾಟಿದರೆ ಬಂತು. 30 ಕಿಲೋಮೀಟರ್ ಆಸುಪಾಸು. ಬಸ್ಸಿನಲ್ಲಿ ಒಂದು ನಿದ್ದೆಗೂ ಸಾಲದ ದೂರ. ಆದರೆ ನನ್ನ ಹತ್ತಿರ ಒಂದು ಮರದ ಪೆಟ್ಟಿಗೆಯಿದೆ. ಪಾಠ ಮಾಡಿ ದಣಿದ ಮೇಲೆ ಮರ ಕೀಸುವುದು ನನ್ನ ಚಟ. ಇಸ್ಪೀಟಿಗಿಂತ ಅಗ್ಗ ಎಂದು ಮನೆಯಲ್ಲಿ ಒಪ್ಪಿಸಿ ಶುರುಮಾಡಿದ್ದು. ಈಗ ಲೆಕ್ಕ ಕೇಳಿದರೆ ವಿಷಯಾಂತರ ಮಾಡುತ್ತೇನೆ. ಪೆಟ್ಟಿಗೆಯಲ್ಲಿ ಕಾಲಿಂಚಿನಿಂದ ಒಂದೂವರೆ ಇಂಚಿನವರೆಗಿನ ಉಳಿಗಳು, ಒಂದು ಮರದ ತೋಪಡ, ಒಂದು ಕಬ್ಬಿಣದ ತೋಪಡ, ಗರಗಸ, ಮೂಲೆಮಟ್ಟ, ಬೈರಿಗೆ, ಕೊಡತಿ, ಸಾಣೆಕಲ್ಲು. ಎಲ್ಲವೂ ಕೈಯಲ್ಲೇ ನಡೆಸುವಂಥವು. ಕರೆಂಟಿನದು ಒಂದೂ ಇಲ್ಲ. ಮಡಿಕೇರಿಯ ಮಳೆಗಾಲದಲ್ಲಿ ಕರೆಂಟನ್ನು ನಂಬಿ ಕೂತವರ ಸ್ಟೂಲು ಮೂರೇ ಕಾಲಿನಲ್ಲಿ ನಿಂತಿರುತ್ತದೆ.

ಮನೆ ಬದಲಿಸುವಾಗ ಒಬ್ಬೊಬ್ಬರಿಗೆ ಒಂದೊಂದರ ಮೇಲೆ ಜೀವ. ಅತ್ತೆಗೆ ದೇವರ ಮಂಟಪ, ಮಗನಿಗೆ ಟಿವಿ, ನನ್ನಾಕೆಗೆ ಉಪ್ಪಿನಕಾಯಿ ಜಾಡಿ ಮತ್ತು ಕಾಚಂಪುಳಿಯ ಶೀಷೆ. ಈ ಎಲ್ಲಕ್ಕೂ ಹಳೆ ಸೀರೆ, ದಿಂಬು, ಹಾಸಿಗೆಯ ಸುತ್ತು ಸಿಕ್ಕಿತು. ನಾನು ಉಳಿಗಳಿಗೆ ಒಂದು ಮೆತ್ತನೆ ಬಟ್ಟೆ ಕೇಳಿದ್ದಕ್ಕೆ ಮನೆಯೆಲ್ಲ ಒಂದೇ ಸ್ವರದಲ್ಲಿ ಕೇಳಿತು: "ಕಬ್ಬಿಣಕ್ಕೆ ಏನಾಗುತ್ತೆ?"

ಇದೇ ನೋಡಿ ನನ್ನ ತಕರಾರು. ಉಳಿಯಿಂದ ಜನರನ್ನು ಕಾಪಾಡಬೇಕು ಎಂದು ಎಲ್ಲರಿಗೂ ಗೊತ್ತು. "ಮಗು ಮುಟ್ಟೀತು, ಮೇಲಿಡಿ" ಎನ್ನುತ್ತಾರೆ. ಜನರಿಂದ ಉಳಿಯನ್ನು ಕಾಪಾಡಬೇಕು ಎಂದರೆ ಮಾತ್ರ ನಗುತ್ತಾರೆ. ಗಾಜಿನ ಲೋಟವನ್ನಾದರೆ ನೋಡಿದವರೇ ಹುಷಾರಾಗಿ ಹಿಡಿಯುತ್ತಾರೆ. ಉಳಿ ನೋಡಲು ಗಟ್ಟಿಮುಟ್ಟಾಗಿರುವುದೇ ಅದರ ದುರದೃಷ್ಟ. ನಿಜ ಹೇಳಬೇಕೆಂದರೆ ಉಳಿ ಎನ್ನುವುದು ಒಂದು ಅಂಚು ಮಾತ್ರ. ಉಳಿದದ್ದೆಲ್ಲ ಆ ಅಂಚಿಗೆ ಹಾಕಿದ ಹಿಡಿಕೆ. 25 ಡಿಗ್ರಿಗೆ ಸಾಣೆ ಹಿಡಿದು, ತುದಿಗೆ ಇನ್ನೊಂದು ಸಣ್ಣ ಇಳಿಜಾರು ಕೊಟ್ಟು, ಮುಂಗೈ ರೋಮ ಬೋಳಿಸುವಷ್ಟು ಹರಿತ ಮಾಡಿದ ಅಂಚು, ಸುಂಟಿಕೊಪ್ಪದ ತಿರುವಿನಲ್ಲಿ ಪಕ್ಕದ ಉಳಿಗೆ ಒಂದು ಸಲ ಠಣ್ ಎಂದು ತಾಗಿದರೆ ಸಾಕು. ಕಣ್ಣಿಗೆ ಕಾಣದಷ್ಟು ಮೊಕ್ಕಾಗುತ್ತದೆ. ಆಮೇಲೆ ಕೀಸಿದ ಮರದ ಮೇಲೆಲ್ಲ ಆ ಮೊಕ್ಕಿನ ಗೀರು ಉದ್ದಕ್ಕೆ ಎದ್ದು ಕಾಣುತ್ತದೆ. ಗರಗಸದ ಹಲ್ಲುಗಳದ್ದೂ ಇದೇ ಪಾಡು: ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿಸಿರುತ್ತಾರೆ. ಮೇಲೆ ಗ್ರೈಂಡರಿನ ಕಲ್ಲು ಕೂತರೆ ಎಲ್ಲವೂ ಒಂದೇ ಪಕ್ಷ ಸೇರುತ್ತವೆ. ಕಬ್ಬಿಣದ ತೋಪಡದ ಮೈ ಬೀಡು ಕಬ್ಬಿಣ. ಕೆಳಗೆ ಬಿದ್ದರೆ ಬಗ್ಗುವುದಿಲ್ಲ, ನೇರವಾಗಿ ಸೀಳುತ್ತದೆ. ಮೂಲೆಮಟ್ಟ ಬಿದ್ದರೆ ಒಡೆಯುವುದೂ ಇಲ್ಲ, ಸೀಳುವುದೂ ಇಲ್ಲ. 90 ಡಿಗ್ರಿಯಿಂದ ಒಂದು ಕೂದಲೆಳೆ ಜಾರಿ, ಅಲ್ಲಿಂದ ಮುಂದೆ ಜೀವನಪರ್ಯಂತ ಗಂಭೀರ ಮುಖದಿಂದ ಸುಳ್ಳು ಹೇಳುತ್ತದೆ.

ಪೆಟ್ಟು ಬೀಳದಂತೆ ಕಟ್ಟುವುದು ಹೇಗೋ ಆಗುತ್ತದೆ. ಕೊಡಗಿನಲ್ಲಿ ದೊಡ್ಡ ವೈರಿ ತುಕ್ಕು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿಯಲ್ಲಿ ಗಾಳಿಯೇ ಅರ್ಧ ನೀರು. ಹಳೇ ಮನೆಗಳಲ್ಲಿ ಇದಕ್ಕೆ ಸುಲಭದ ಉಪಾಯವಿತ್ತು: ಒಲೆಯ ಮೇಲಿನ ಅಟ್ಟ. ಹೊಗೆ ತಾಗಿ ಕತ್ತಿ, ಉಳಿ, ಹಿಡಿಗೆಂದು ಎತ್ತಿಟ್ಟ ಮರದ ತುಂಡು ಎಲ್ಲವೂ ಬೆಚ್ಚಗಿರುತ್ತಿದ್ದವು. ಗ್ಯಾಸ್ ಒಲೆಯ ಮೇಲೆ ಉಳಿ ನೇತುಹಾಕುತ್ತೇನೆ ಎಂದು ಒಮ್ಮೆ ಸೂಚಿಸಿ ನೋಡಿದೆ. ಅಡುಗೆಮನೆಯಿಂದ ಬಂದ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ಹಾಗಾದರೆ ಎಣ್ಣೆ. ತೆಂಗಿನೆಣ್ಣೆ ಸುಲಭ, ಆದರೆ 24 ಡಿಗ್ರಿಗಿಂತ ಚಳಿಯಾದರೆ ಗಟ್ಟಿಯಾಗುತ್ತದೆ. ಮಡಿಕೇರಿಯ ಜೂನಿನಲ್ಲಿ ಅದನ್ನು ಹಚ್ಚುವುದಲ್ಲ, ಕೆರೆದು ಮೆತ್ತಬೇಕು. ಕೆಲವು ತಿಂಗಳಿಗೆ ಕಮಟು ನಾತ ಬೇರೆ. ಜಪಾನಿನ ಬಡಗಿಗಳು ಕ್ಯಾಮೀಲಿಯ ಬೀಜದ ಎಣ್ಣೆ ಒರೆಸುತ್ತಾರೆ. ಕ್ಯಾಮೀಲಿಯ ಎಂದರೆ ಚಹಾ ಗಿಡದ ದಾಯಾದಿ. ದಕ್ಷಿಣ ಕೊಡಗಿನಲ್ಲಿ ಚಹಾ ತೋಟವೂ ಇದೆ; ಆದರೆ ಅಲ್ಲಿ ಹೋಗಿ "ಸ್ವಲ್ಪ ಬೀಜ ಕೊಡಿ, ಉಳಿಗೆ ಬೇಕು" ಎಂದು ಕೇಳುವ ಧೈರ್ಯ ನನಗಿಲ್ಲ.

ದಾರಿ ತೋರಿಸಿದವರು ಪಕ್ಕದ ಮನೆಯ ನಿವೃತ್ತ ಸುಬೇದಾರರು. ಕೊಡಗಿನಲ್ಲಿ ನಿಮ್ಮ ಅಕ್ಕಪಕ್ಕದಲ್ಲಿ ಒಬ್ಬ ಸುಬೇದಾರರು ಇಲ್ಲದಿದ್ದರೆ ನೀವಿರುವುದು ಕೊಡಗೇ ಹೌದೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಅವರು ಒಳಗೆ ಹೋಗಿ ಒಂದು ಸಣ್ಣ ಬಾಟಲಿ ತಂದರು. ಕೋವಿಯೆಣ್ಣೆ.

"ಕೋವಿಗೆ ತುಕ್ಕು ಹಿಡಿದ್ರೆ ಮನೆತನದ ಮಾನ ಹೋಗುತ್ತೆ ಮೇಷ್ಟ್ರೇ. ಉಳಿಗೆ ಹಿಡಿದ್ರೆ ಯಾರ ಮಾನ ಹೋಗುತ್ತೆ?"

"ನನ್ನದೇ" ಎಂದೆ. ಅವರಿಗೆ ಪಾಪ ಅನ್ನಿಸಿರಬೇಕು, ಬಾಟಲಿಯನ್ನು ಪೂರ್ತಿ ಕೊಟ್ಟುಬಿಟ್ಟರು.

ಆದರೆ ಅವರ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಜಿಲ್ಲೆಯಲ್ಲಿ ಕೋವಿಗೆ ಇರುವ ಮರ್ಯಾದೆ ನೋಡಿ. ಶಸ್ತ್ರಾಸ್ತ್ರ ಕಾಯಿದೆಯ ಪರವಾನಗಿಯಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಉಂಟು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಪ್ರತಿವರ್ಷ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್‌ಗೆ ಕೋವಿಯನ್ನು ಒರೆಸಿ, ನಳಿಗೆಗೆ ತೋಕ್‌ಪೂ ಸಿಕ್ಕಿಸಿ, ಒಡಿಕತ್ತಿ, ಪೀಚೆಕತ್ತಿಗಳ ಜೊತೆ ಸಾಲಾಗಿಟ್ಟು ಪೂಜೆ. ಆಮೇಲೆ ಕಡುಬು, ಪಂದಿ ಕರಿ. ಇರಲಿ, ಬೇಡ ಎನ್ನುವುದಿಲ್ಲ. ಆದರೆ ಆ ಕೋವಿಯ ಮರದ ಹಿಡಿಯನ್ನು ಕೆತ್ತಿದ್ದು ಯಾವುದು? ಒಡಿಕತ್ತಿಯನ್ನು ಬಡಿದ, ಐನ್‌ಮನೆಯ ಕಂಬ ಬಾಗಿಲುಗಳನ್ನು ಕೆತ್ತಿದ ಐರಿಗಳ ಕೈಯಲ್ಲಿ ಇದ್ದದ್ದು ಏನು? ಪೀಚೆಕತ್ತಿಗೆ ಬೆಳ್ಳಿಯ ಒರೆ, ಉಳಿಗೆ ಗೋಣಿ ಚೀಲ. ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಉಳಿಗೂ ಗಂಧ ಕುಂಕುಮ ಹಚ್ಚುತ್ತಾರೆ ನಿಜ. ಒದ್ದೆ ಗಂಧ. ಎರಡು ದಿನ ಬಿಟ್ಟು ಒರೆಸಿದರೆ ಅಡಿಯಲ್ಲಿ ಕಬ್ಬಿಣ ತಾನೇ ಇಟ್ಟುಕೊಂಡ ಇನ್ನೊಂದು ಕುಂಕುಮ.

ಎಣ್ಣೆ ಹಚ್ಚುವ ಮೊದಲು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಒಂದಿಂಚಿನ ಉಳಿಯ ಬೆನ್ನಿನ ಮೇಲೆ ಕಂದು ಬಣ್ಣದ ಒಂದು ಗುರುತು ಕಂಡಿತು. ಭೂತಗನ್ನಡಿ ಹಿಡಿದೆ. ಹೆಬ್ಬೆಟ್ಟು! ಸುಳಿ, ಗೆರೆ ಎಲ್ಲ ಸ್ಪಷ್ಟ. ಬೆವರಿನಲ್ಲಿ ಉಪ್ಪಿರುತ್ತದೆ. ಒರೆಸದೆ ಬಿಟ್ಟರೆ ಬೆರಳು ತಾಗಿದ ಕಡೆಯೇ ಮೊದಲು ತುಕ್ಕು ಕಾಣುತ್ತದೆ. ಪೊಲೀಸರಿಗಿಂತ ಅಚ್ಚುಕಟ್ಟಾಗಿ ಉಳಿ ಆರೋಪಿಯ ಗುರುತನ್ನು ದಾಖಲಿಸಿಕೊಂಡಿತ್ತು. ಮನೆ ಖಾಲಿ ಮಾಡಲು ಸಹಾಯಕ್ಕೆಂದು ವಾರ ಮೊದಲೇ ಬಂದಿದ್ದ ಭಾವಮೈದನನ್ನು ಕರೆದೆ.

"ಭಾವ, ನಾನು ಮುಟ್ಟೇ ಇಲ್ಲ."

"ಪೇಂಟ್ ಡಬ್ಬಿ ಮುಚ್ಚಳ ಯಾವುದರಲ್ಲಿ ತೆಗೆದೆ?"

"ಅದಾ... ಚಪ್ಪಟೆ ಸ್ಕ್ರೂಡ್ರೈವರ್ ಇತ್ತಲ್ಲ, ಮರದ ಹಿಡೀದು."

ಮರದ ಹಿಡಿಯ ಚಪ್ಪಟೆ ಸ್ಕ್ರೂಡ್ರೈವರ್! ಅದನ್ನು ಸಾಣೆ ಹಿಡಿಯಲು ನನಗೆ ಒಂದು ಇಡೀ ಭಾನುವಾರ ಹಿಡಿದಿತ್ತು. ಪಾಪ, ತೊಳೆದು ಇಟ್ಟಿದ್ದ. ಆ ಸಂಸ್ಕಾರವೇ ಅವನನ್ನು ಹಿಡಿದುಕೊಟ್ಟಿತು. ಮನೆ ಬದಲಿಸುವ ಗಲಾಟೆಯಲ್ಲಿ ಉಳಿಗಳು ಹಾಳಾಗುವುದು ಬಹುಪಾಲು ಲಾರಿಯಲ್ಲಲ್ಲ, ಲಾರಿ ಬರುವ ಮೊದಲು. ಆಗ ಎಲ್ಲರಿಗೂ ಏನನ್ನಾದರೂ ಮೀಟಬೇಕಿರುತ್ತದೆ: ಮೊಳೆ, ಮುಚ್ಚಳ, ಕಿಟಕಿಗೆ ಅಂಟಿದ ಪರದೆ ಕಂಬಿ. ಅಂದಿನಿಂದ ಪೆಟ್ಟಿಗೆಯ ಮೇಲುಗಡೆ ಮೊಂಡಾದ ಒಂದು ಉಳಿಯನ್ನು ಇಡುತ್ತೇನೆ. ಅದು ಊರಿಗೆ ಬಿಟ್ಟದ್ದು. ಕೇಳಿದವರಿಗೆಲ್ಲ ನಗುನಗುತ್ತ ಕೊಡುತ್ತೇನೆ. ನನ್ನನ್ನು ಉದಾರಿ ಎನ್ನುತ್ತಾರೆ.

ಕಟ್ಟುವ ಕೆಲಸವನ್ನು ನಾನೇ ಮಾಡಿದೆ. ಅತ್ತೆ ದಿನಪತ್ರಿಕೆ ಸುತ್ತು ಎಂದರು. ಮಳೆಗಾಲದ ಪತ್ರಿಕೆ ಸುದ್ದಿಗಿಂತ ಹೆಚ್ಚು ನೀರನ್ನು ಹೊತ್ತಿರುತ್ತದೆ. ಮಗ ಗುಳ್ಳೆ ಪ್ಲಾಸ್ಟಿಕ್ ತಂದ. ತೇವದ ಜೊತೆ ಸುತ್ತಿಬಿಟ್ಟರೆ ತೇವಕ್ಕೂ ಅಲ್ಲೇ ಬಿಡಾರ. ಕಾಫಿಯ ಗೋಣಿ ಚೀಲ ಮೊದಲೇ ಬೇಡ. ಕೊನೆಗೆ ಒಲೆಯ ಬಳಿ ಕಾಯಿಸಿದ ಹತ್ತಿಬಟ್ಟೆಗೆ ಕೋವಿಯೆಣ್ಣೆ ತಾಗಿಸಿ ಒಂದೊಂದನ್ನೂ ಒರೆಸಿದೆ. ಉಳಿಗಳ ಬಾಯಿಗೆ ಚೆನ್ನಾಗಿ ಒಣಗಿದ ಅಡಿಕೆ ಹಾಳೆಯನ್ನು ಕತ್ತರಿಸಿ ಮಡಿಸಿ ದಾರ ಬಿಗಿದೆ. ಗರಗಸದ ಹಲ್ಲಿನುದ್ದಕ್ಕೆ ಸೀಳಿದ ಸೈಕಲ್ ಟ್ಯೂಬ್. ತೋಪಡದ ಅಲಗನ್ನು ಒಳಕ್ಕೆಳೆದುಕೊಂಡೆ. ಮರದ ತೋಪಡದ ಬೆಣೆಯನ್ನು ಮಾತ್ರ ಸ್ವಲ್ಪ ಸಡಿಲಿಸಿದೆ. ಕುಶಾಲನಗರ ಮಳೆ ನೆರಳಿನ ಊರು, ಮಡಿಕೇರಿಯ ಅರ್ಧ ಮಳೆಯೂ ಇಲ್ಲ. ಇಲ್ಲಿ ಉಬ್ಬಿದ ಮರ ಅಲ್ಲಿ ಬಿಗಿಯಲ್ಲೇ ಒಣಗುತ್ತ ಕೂತರೆ ಸೀಳು ಬಿಡಬಹುದು. ಸಾಣೆಕಲ್ಲನ್ನು ಪೆಟ್ಟಿಗೆಯಲ್ಲೇ ಬೇರೆ ಮೂಲೆಯಲ್ಲಿ ಇಡಬೇಕು. ಅದು ಕುಡಿದ ನೀರನ್ನು ಪಕ್ಕದವರಿಗೆ ಹಂಚುತ್ತದೆ.

ನಮ್ಮ ಮನೆಗೆ ಕೆಲಸಕ್ಕೆ ಬರುವ ಆಚಾರಿ ಇದನ್ನೆಲ್ಲ ನಿಂತು ನೋಡಿದರು. ಅವರ ಇಡೀ ಸಲಕರಣೆ ಒಂದು ಸಿಮೆಂಟ್ ಚೀಲದಲ್ಲಿ, ಸ್ಕೂಟರಿನ ಕಾಲಡಿಯಲ್ಲಿ ಜಿಲ್ಲೆಯನ್ನೆಲ್ಲ ಸುತ್ತುತ್ತದೆ. ದಿನಾ ಬೆಳಿಗ್ಗೆ ಸಾಣೆ ಹಿಡಿಯುವವರಿಗೆ ಅದು ನಡೆಯುತ್ತದೆ. ವೃತ್ತಿಯವರಿಗೆ ಉಳಿ ಸಂಪಾದನೆ, ಹವ್ಯಾಸಿಗೆ ಸಂತಾನ.

ಪೆಟ್ಟಿಗೆ ಮುಚ್ಚುವ ಹೊತ್ತಿಗೆ ನನ್ನಾಕೆ ಕಾಚಂಪುಳಿಯ ಶೀಷೆ ಹಿಡಿದು ಬಂದಳು. "ನಿಮ್ಮದು ಗಟ್ಟಿ ಪೆಟ್ಟಿಗೆ, ಇದನ್ನೂ ಒಳಗಿಡಿ. ಒಡೆಯೋಲ್ಲ." ಹಂದಿ ಮಾಂಸವನ್ನು ಕರಗಿಸುವ ಹುಳಿ ಅದು! ಒಂದು ತೊಟ್ಟು ಸೋರಿದರೂ ಉಕ್ಕು ಕಪ್ಪಾಗುತ್ತದೆ. ಶೀಷೆಯನ್ನು ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ ಎಂದು ಮಾತುಕೊಟ್ಟು ಪಾರಾದೆ. ಆದರೆ ಮಾತು ಮುಗಿದ ಮೇಲೆ ದೇವರ ಮನೆಗೆ ಹೋಗಿ, ಕರ್ಪೂರದ ಡಬ್ಬಿಯನ್ನು ತಂದು, ಅದರಲ್ಲಿದ್ದದ್ದನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ ಉಳಿಗಳ ನಡುವೆ ಇಟ್ಟೆ. ಪೆಟ್ಟಿಗೆಯಲ್ಲಿ ಕರ್ಪೂರವಿದ್ದರೆ ತುಕ್ಕು ದೂರ ಎಂಬುದು ಎಷ್ಟೋ ದೇಶಗಳ ಬಡಗಿಗಳ ಹಳೇ ನಂಬಿಕೆ.

ಲಾರಿಗೆ ಏರಿಸುವ ಹುಡುಗರು ಪೆಟ್ಟಿಗೆ ಎತ್ತಿ ಮುಖ ಕಿವುಚಿದರು. "ಏನ್ ಸಾರ್, ಕಲ್ಲು ತುಂಬಿಸಿದೀರಾ?"

"ಒಂದೇ ಒಂದು" ಎಂದೆ. ಸಾಣೆಕಲ್ಲಿನ ಸುದ್ದಿ ಅವರಿಗೆ ಹೇಳಿ ಪ್ರಯೋಜನವಿರಲಿಲ್ಲ. ಪೆಟ್ಟಿಗೆಗೆ ಲಾರಿಯ ತಳದಲ್ಲಿ, ಎರಡು ಹಾಸಿಗೆಯ ನಡುವೆ, ಟಿವಿಗಿಂತ ಭದ್ರವಾದ ಜಾಗ ಸಿಕ್ಕಿತು. ಮಗ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಕುಶಾಲನಗರ ಮುಟ್ಟಿದ ಮೇಲೆ ಮೊದಲು ಮೂಲೆಮಟ್ಟವನ್ನು ತೆಗೆದೆ. ನೇರ ಅಂಚಿನ ಹಲಗೆಗೆ ಅದನ್ನು ಒತ್ತಿ ಹಿಡಿದು ಒಂದು ಗೆರೆ. ಮಗುಚಿ ಹಾಕಿ ಅಲ್ಲೇ ಇನ್ನೊಂದು ಗೆರೆ. ಎರಡೂ ಒಂದರ ಮೇಲೊಂದು ಕೂತವು. ಪ್ರಯಾಣ ಪಾಸಾಯಿತು. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿತ್ತು. ನಮ್ಮನ್ನು ಬಿಟ್ಟುಬರಲೆಂದು ಜೀಪಿನಲ್ಲಿ ಬಂದಿದ್ದ ಸುಬೇದಾರರೂ ಕೈಮುಗಿದು ನಿಂತಿದ್ದರು.

"ಕರ್ಪೂರ ಎಲ್ಲಿ?" ಎಂದರು ಅತ್ತೆ.

ಹೊರಗೆ ಮಳೆ ಹಿಡಿದಿತ್ತು, ಹೊಸ ಊರಿನಲ್ಲಿ ಅಂಗಡಿ ಯಾವ ದಿಕ್ಕಿಗೆ ಎಂದೂ ತಿಳಿಯದು. ನಾನು ಸದ್ದಿಲ್ಲದೆ ಹೋಗಿ ಉಳಿಗಳ ನಡುವಿನಿಂದ ಬಟ್ಟೆಯ ಗಂಟು ಬಿಚ್ಚಿ ನಾಲ್ಕು ಬಿಲ್ಲೆ ತಂದು ತಟ್ಟೆಗೆ ಹಾಕಿದೆ. ಆರತಿ ಎದ್ದಿತು. ಅತ್ತೆ ಕಣ್ಣು ಮುಚ್ಚಿ ಎರಡೂ ಕೈಯಲ್ಲಿ ಆರತಿ ತೆಗೆದುಕೊಂಡು, ಈ ಕರ್ಪೂರ ಯಾವ ಅಂಗಡಿಯದೋ ಹೊಗೆ ಒಂಥರಾ ದಟ್ಟವಾಗಿದೆ ಎಂದರು. ಸುಬೇದಾರರು ಮೂಗರಳಿಸಿ ಗಾಳಿಯನ್ನು ಎರಡು ಸಲ ಎಳೆದುಕೊಂಡರು. ದೇವರ ಫೋಟೋ ನೋಡಿದರು, ನನ್ನ ಪೆಟ್ಟಿಗೆ ನೋಡಿದರು, ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು:

"ಕೈಲ್‌ಪೊಳ್ದ್ ಇರೋದು ಸೆಪ್ಟೆಂಬರಿಗಲ್ವಾ ಮೇಷ್ಟ್ರೇ?"